ಹೊಸ್ತಿಲ ಕೆಳಗಿನ ಮಗು ಮತ್ತು ನಮ್ಮಪ್ಪನ ತಾಳಮದ್ದಳೆ

ಹೋದ ಶನಿವಾರ ರಾತ್ರಿ ಹನ್ನೊಂದೂವರೆ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ ದೀಪ ಆರಿಸಿಕೊಂಡು ಅಣ್ಣನ ಮಗ 'ದಿ ವಿಚರ್ 3' ಅನ್ನುವ ವಿಡಿಯೊ ಗೇಮ್ ಆಡುತ್ತಿದ್ದ. ಪೋಲೆಂಡಿನ ಕಾದಂಬರಿಗಳಿಂದ ಬಂದ ಆಟ ಅದು. ಪುಣೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗ. ಎರಡು ವಾರಕ್ಕೊಮ್ಮೆ ಲ್ಯಾಪ್‌ಟಾಪ್ ಹೊತ್ತುಕೊಂಡು ನಮ್ಮಲ್ಲಿಗೆ ಬರುತ್ತಾನೆ. ಅಪ್ಪನಿಗೆ ಈಗೀಗ ನಿದ್ದೆ ಕಮ್ಮಿ. ಎದ್ದು ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ದೋಸೆ ಹಿಟ್ಟಿಗೆ ಉಪ್ಪು ಬೆರೆಸಿ ಮುಚ್ಚಿಟ್ಟು, ಕೈ ಒರೆಸಿಕೊಂಡು ಬಂದು ನೆಲದ ಮೇಲೆ ಕೂತೆ.

ಪರದೆಯ ಮೇಲೆ ರಾತ್ರಿ. ದಪ್ಪ ಹೊಟ್ಟೆಯ ಒಬ್ಬ ಯಜಮಾನ. ಊರಿಗೆಲ್ಲ ಅವನೇ ದೊರೆ, ಬ್ಯಾರನ್ ಅಂತ ಕರೆಯುತ್ತಾರೆ. ಕುಡಿದು ಹೆಂಡತಿಗೆ ಹೊಡೆಯುತ್ತಿದ್ದವನು. ಅವಳ ಹೊಟ್ಟೆಯಲ್ಲಿದ್ದ ಮಗು ಹೋಯಿತು. ಅದಕ್ಕೆ ಹೆಸರಿಡಲಿಲ್ಲ, ಕ್ರಮಪ್ರಕಾರ ಮಣ್ಣೂ ಮಾಡಲಿಲ್ಲ. ಆ ಪಿಂಡ ಈಗ ದೆವ್ವವಾಗಿ ಎದ್ದು ಬಂದಿದೆ. ಆಟ ಆಡುವವನ ಮುಂದೆ ಎರಡು ದಾರಿ. ಕತ್ತಿ ತೆಗೆದು ಅದನ್ನು ಕೊಲ್ಲಬಹುದು. ಇಲ್ಲ, ಬ್ಯಾರನ್ ಕೈಯಲ್ಲೇ ಅದನ್ನು ಎತ್ತಿಸಿ, ಮನೆ ಬಾಗಿಲವರೆಗೆ ನಡೆಸಿ, ಹೆಸರಿಟ್ಟು, ಹೊಸ್ತಿಲ ಕೆಳಗೆ ಹೂಳಿಸಬಹುದು. ಹಾಗೆ ಮಾಡಿದರೆ ಅದು ಮನೆ ಕಾಯುವ ಶಕ್ತಿಯಾಗುತ್ತದೆ.

"ಇದಕ್ಕೆ ಹೆಸರೇ ಇಟ್ಟಿರಲಿಲ್ವಾ?" ಅಂತ ಅಪ್ಪ ಕೇಳಿದರು.

"ಇಲ್ಲ ಅಜ್ಜ. ಈಗ ಇಡ್ಬೇಕು."

ಬ್ಯಾರನ್ ಆ ವಿಕಾರ ಜೀವವನ್ನು ಎದೆಗೊತ್ತಿಕೊಂಡು ನಡೆಯುತ್ತಾನೆ. ಅದು ನಡುನಡುವೆ ಕೆರಳುತ್ತದೆ. ಪಕ್ಕದಲ್ಲಿ ನಡೆಯುವ ಆಟದ ನಾಯಕ ಗೆರಾಲ್ಟ್ ಅದನ್ನು ಮಂತ್ರ ಹಾಕಿ ಸುಮ್ಮನಾಗಿಸಬೇಕು. ಕೊನೆಗೆ ಹೊಸ್ತಿಲ ಹತ್ತಿರ ನಿಂತು, ನೀನು ನನ್ನ ಮಗಳು, ನಿನ್ನ ಹೆಸರು ಡಿಯಾ ಅನ್ನುತ್ತಾನೆ. ಅಪ್ಪ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನಮ್ಮ ದೊಡ್ಡಕ್ಕನ ಮಗುವಿಗೆ ಆಟಿ ತಿಂಗಳಲ್ಲಿ ಮದುವೆ ಮಾಡಿದ್ದು ನೆನಪುಂಟು" ಅಂದರು. "ಎರಡು ಮಣೆ ಹಾಕಿದ್ರು. ಒಂದರ ಮೇಲೆ ಸೀರೆ, ಇನ್ನೊಂದರ ಮೇಲೆ ಪಂಚೆ. ಆ ಮಗು ಹುಟ್ಟಿ ಎರಡೇ ದಿನ ಇದ್ದದ್ದು."

ಕರಾವಳಿಯವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ತೀರಿಹೋದ ಮಕ್ಕಳಿಗೂ ವಯಸ್ಸಾಗುತ್ತದೆ, ಮದುವೆ ವಯಸ್ಸು ಬಂದಾಗ ಮದುವೆ ಮಾಡಬೇಕು ಅಂತ ನಂಬುವ ಊರು ನಮ್ಮದು. ಎಲ್ಲಿಯ ಪೋಲೆಂಡ್, ಎಲ್ಲಿಯ ಉಡುಪಿ! ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಆ ದೃಶ್ಯ ನಮ್ಮಿಬ್ಬರಿಗಿಂತ ಮೊದಲು ಅವರಿಗೆ ಮುಟ್ಟಿತು.

ನಾನು ಈ ಬರಹ ಬರೆಯಲು ಕೂತದ್ದು ಇದಕ್ಕೇ. ಕಾದಂಬರಿಯಿಂದ ಬಂದ ಆಟಗಳ ಬಗ್ಗೆ ಮಾತು ಬಂದಾಗಲೆಲ್ಲ ಒಂದೇ ದೂರು ಕೇಳುತ್ತೇನೆ. ಪುಸ್ತಕದಲ್ಲಿ ಹಾಗಿಲ್ಲ, ಇವರು ಬದಲಾಯಿಸಿದ್ದಾರೆ, ಕೆಡಿಸಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಆ ಬ್ಯಾರನ್ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಮೂಲ ಲೇಖಕ ಆಂದ್ರೆ ಸಪ್ಕೋವ್‌ಸ್ಕಿ ಅವರ ಮೊದಲ ವಿಚರ್ ಕಥೆ 1986ರಲ್ಲಿ ಪೋಲೆಂಡಿನ ಒಂದು ಪತ್ರಿಕೆಯಲ್ಲಿ ಬಂತು. ಆಮೇಲೆ ಕಾದಂಬರಿಗಳು ಬಂದವು. ಅದೇ ದೇಶದ ಸಿಡಿ ಪ್ರಾಜೆಕ್ಟ್ ರೆಡ್‌ನವರು 2007ರಲ್ಲಿ ಮೊದಲ ಆಟ ತಂದಾಗ ಕಾದಂಬರಿಯ ಕಥೆಯನ್ನು ಮತ್ತೆ ಹೇಳಲಿಲ್ಲ. ಅದು ಮುಗಿದ ಮೇಲಿನಿಂದ ಶುರು ಮಾಡಿದರು. 2015ರ ಮೂರನೇ ಆಟದಲ್ಲೂ ಅಷ್ಟೇ. ಅವರು ಪುಸ್ತಕದಿಂದ ತೆಗೆದುಕೊಂಡದ್ದು ಜನರನ್ನು, ಆ ಜಗತ್ತನ್ನು, ಮಾತಿನ ಧಾಟಿಯನ್ನು. ಆ ಪುಸ್ತಕ ಯಾವ ಅಜ್ಜಿಕಥೆಗಳ ಮಣ್ಣಿನಿಂದ ಎದ್ದಿತ್ತೋ ಅದೇ ಮಣ್ಣಿನಿಂದ ಇನ್ನೊಂದು ಹಿಡಿ ತಾವೂ ತೆಗೆದರು. ಹೆಸರಿಲ್ಲದ ಪಿಂಡ ದೆವ್ವವಾಗುವ ನಂಬಿಕೆ ಅಲ್ಲಿನ ಹಳ್ಳಿಗಳದ್ದೇ.

ಅಪ್ಪ ಘಾಟ್ಕೋಪರ್‌ನ ಒಂದು ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು. ಶನಿವಾರ ರಾತ್ರಿ ಮಾತ್ರ ಅವರು ವಾಲಿ, ಕರ್ಣ, ಸುಧನ್ವ. ಯಾವುದಾದರೂ ಸಂಘದ ಹಾಲ್‌ನಲ್ಲಿ ತಾಳಮದ್ದಳೆ ಇರುತ್ತಿತ್ತು. ನೋಡದವರಿಗೆ ಹೇಳುತ್ತೇನೆ. ಅದು ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲಿಂದಲೇ ಆ ಪದಕ್ಕೆ ಅರ್ಥ ಹೇಳುತ್ತಾರೆ. ಮಾತನ್ನು ಯಾರೂ ಬರೆದು ತಂದಿರುವುದಿಲ್ಲ. ಎದುರಿನವರು ಒಂದು ಪ್ರಶ್ನೆ ಎಸೆದರೆ ಅಲ್ಲೇ ಉತ್ತರ ಹುಟ್ಟಬೇಕು.

'ವಾಲಿವಧೆ'ಯಲ್ಲಿ ವಾಲಿ ಸಾಯುತ್ತಾನೆ ಅಂತ ಹಾಲ್‌ನಲ್ಲಿರುವ ಚಿಕ್ಕ ಮಗುವಿಗೂ ಗೊತ್ತು. ಆದರೂ ಜನ ಚಹಾ ಕುಡಿಯಲು ಎದ್ದವರು ಓಡೋಡಿ ಬಂದು ಕೂರುತ್ತಿದ್ದರು. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಅಂತ ವಾಲಿ ಕೇಳುವಾಗ ಇವತ್ತಿನ ರಾಮ ಏನು ಹೇಳುತ್ತಾನೆ? ಹೋದ ಸಲ ಹೇಳಿದ್ದನ್ನೇ ಹೇಳಿದರೆ ಸಪ್ಪೆ. ಒಂದು ರಾತ್ರಿ ಅಪ್ಪನ ವಾಲಿಯ ಮಾತಿಗೆ ಎದುರಿನ ರಾಮ ಸುಮಾರು ಹೊತ್ತು ಸುಮ್ಮನೆ ಕೂತುಬಿಟ್ಟರು. ಚೆಂಡೆಯವರೂ ಕೋಲು ಹಿಡಿದುಕೊಂಡು ಕಾದರು. ಪ್ರಸಂಗ ಬದಲಾಗಲಿಲ್ಲ, ವಾಲಿ ಸತ್ತ. ಆದರೆ ಆ ಮೌನ ಆ ರಾತ್ರಿಯದ್ದು ಮಾತ್ರ. ನನಗಾಗ ಹತ್ತು ವರ್ಷ. ಇವತ್ತಿಗೂ ಅದು ಕಣ್ಣಿಗೆ ಕಟ್ಟಿದಂತಿದೆ.

ಒಳ್ಳೆಯ ಆಟ ಮಾಡುವುದೂ ಇದನ್ನೇ ಅಂತ ನನ್ನ ನಂಬಿಕೆ. ಪದ ಕಾದಂಬರಿಯದ್ದು, ಅರ್ಥ ನಮ್ಮದು. ಆಟ ನಮಗೆ ಅರ್ಥ ಹೇಳಲು ಜಾಗ ಬಿಡಬೇಕು. ವಿಚರ್‌ನಲ್ಲಿ ಕೆಲವು ಕಡೆ ಉತ್ತರ ಆರಿಸುವಾಗ ಸಮಯ ತೋರಿಸುವ ಒಂದು ಗೆರೆ ಬರುತ್ತದೆ, ಅದು ಕರಗುತ್ತಾ ಹೋಗುತ್ತದೆ. ಅಷ್ಟರೊಳಗೆ ಹೇಳಿಬಿಡಬೇಕು. ಅಪ್ಪ ಅದನ್ನು ನೋಡಿ, "ಇಷ್ಟೇ ಹೊತ್ತಾ ಕೊಡುವುದು? ಪೀಠಿಕೆಗೂ ಸಾಲದಲ್ಲ ಮಾರಾಯ!" ಅಂದರು. ಆದರೆ ಎದ್ದು ಹೋಗಲಿಲ್ಲ. ಎರಡು ಗಂಟೆಯವರೆಗೆ ಕೂತಿದ್ದರು.

ಇದು ಇವತ್ತಿನ ದೊಡ್ಡ ಕಂಪನಿಗಳು ಕಂಡುಹಿಡಿದದ್ದೇನೂ ಅಲ್ಲ. 1982ರಲ್ಲಿ ಮೆಲ್ಬರ್ನ್‌ನ ಬೀಮ್ ಸಾಫ್ಟ್‌ವೇರ್‌ನವರು 'ದಿ ಹಾಬಿಟ್' ಕಾದಂಬರಿಯನ್ನು ಆಟ ಮಾಡಿದರು. ಟೈಪ್ ಮಾಡಿ ಆಡುವ ಆಟ, ಅಲ್ಲಲ್ಲಿ ಒಂದೊಂದು ಚಿತ್ರ. ಪೆಟ್ಟಿಗೆಯೊಳಗೆ ಪುಸ್ತಕವನ್ನೂ ಇಟ್ಟು ಮಾರುತ್ತಿದ್ದರು. ಅದರಲ್ಲಿ ನಾವು ಸುಮ್ನೆ ಇದ್ದರೂ ಉಳಿದ ಪಾತ್ರಗಳು ಸುಮ್ನೆ ಇರುತ್ತಿರಲಿಲ್ಲ. ತಮ್ಮ ಪಾಡಿಗೆ ಓಡಾಡುತ್ತಿದ್ದವು. ಕುಬ್ಜರ ನಾಯಕ ಥೋರಿನ್ ಹೊತ್ತಲ್ಲದ ಹೊತ್ತಿನಲ್ಲಿ ಕೂತು ಚಿನ್ನದ ಬಗ್ಗೆ ಹಾಡು ಶುರು ಮಾಡುತ್ತಿದ್ದ. ಈ ಸಾಲು ಆಡಿದವರ ಬಾಯಲ್ಲಿ ಇನ್ನೂ ಇದೆ. ಪುಸ್ತಕದ ಥೋರಿನ್‌ನ ಆಸೆ, ಹಟ ಎರಡೂ ಆ ಒಂದು ಸಾಲಿನಲ್ಲಿ ಬಂದುಬಿಟ್ಟಿವೆ ಅಲ್ವಾ?

1993ರ 'ಬಿಟ್ರೇಯಲ್ ಅಟ್ ಕ್ರಾಂಡೋರ್' ಇನ್ನೊಂದು. ರೇಮಂಡ್ ಫೀಸ್ಟ್ ಅವರ ಕಾದಂಬರಿಗಳ ಜಗತ್ತು, ಆದರೆ ಕಥೆ ಆಟದವರದ್ದೇ. ಪುಸ್ತಕದ ಹಾಗೆ ಅಧ್ಯಾಯ ಅಧ್ಯಾಯವಾಗಿ ಸಾಗುತ್ತದೆ. ಐದು ವರ್ಷದ ಮೇಲೆ, 1998ರಲ್ಲಿ, ಫೀಸ್ಟ್ ಅವರೇ ಆ ಆಟದ ಕಥೆಯನ್ನು ಕಾದಂಬರಿಯಾಗಿ ಬರೆದರು! ಆ ಆಟದಲ್ಲಿ ಪೆಟ್ಟಿಗೆಗಳಿಗೆ ಒಗಟಿನ ಬೀಗ. ಮುಚ್ಚಳದ ಮೇಲೆ ಒಗಟು ಬರೆದಿರುತ್ತದೆ, ಅಕ್ಷರಗಳನ್ನು ತಿರುಗಿಸಿ ಉತ್ತರ ಕೂಡಿಸಿದರೆ ಬೀಗ ತೆರೆಯುತ್ತದೆ. ಒಗಟು ಕೇಳಿ ಬೆಳೆದ ನಮ್ಮಂಥವರಿಗೆ ಇದಕ್ಕಿಂತ ಇಷ್ಟವಾಗುವ ಬೀಗ ಬೇಕಾ?

ದೊಡ್ಡ ಹೆಸರು ಇದ್ದರೆ ಸಾಕು ಅನ್ನುವವರು 'ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯ ಪಾತ್ರದ ಮೇಲೆ 2023ರಲ್ಲಿ ಬಂದ 'ಗೋಲಮ್' ಆಟವನ್ನು ನೆನಪಿಸಿಕೊಳ್ಳಲಿ. ಬಿಡುಗಡೆಯ ಮರುದಿನವೇ ತಯಾರಕರು ಕ್ಷಮೆ ಕೇಳಬೇಕಾಯಿತು.

ಹಣದ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಇದು ನನಗೆ ನೋವಿನ ವಿಷಯ. ಸಪ್ಕೋವ್‌ಸ್ಕಿ ಮೊದಲಿಗೆ ಲಾಭದಲ್ಲಿ ಪಾಲು ಬೇಡ ಅಂತ ಒಂದೇ ಸಲಕ್ಕೆ ಹಣ ತೆಗೆದುಕೊಂಡರು. ಮೂರನೇ ಆಟದ 5 ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾಗಿವೆ ಅಂತ ಕಂಪನಿಯೇ 2023ರಲ್ಲಿ ಹೇಳಿದೆ. 2018ರಲ್ಲಿ ಸಪ್ಕೋವ್‌ಸ್ಕಿ 6 ಕೋಟಿ ಜ್ಲಾಟಿ (ಪೋಲೆಂಡಿನ ಹಣ) ಕೇಳಿದಾಗ ಅಭಿಮಾನಿಗಳು ಎಷ್ಟೊಂದು ಬೈದರು! 2019ರ ಡಿಸೆಂಬರ್‌ನಲ್ಲಿ ಎರಡೂ ಕಡೆಯವರು ಹೊಸ ಒಪ್ಪಂದ ಮಾಡಿಕೊಂಡರು. ಮೊದಲ ಒಪ್ಪಂದಕ್ಕೆ ಸಹಿ ಹಾಕಿದ್ದು ಅವರೇ ನಿಜ. ಆದರೂ ಹೊಸ ಒಪ್ಪಂದ ಆದದ್ದು ಸರಿ ಅಂತಲೇ ನಾನು ಹೇಳುತ್ತೇನೆ. ಪದ ಕಟ್ಟಿದವನನ್ನು ಮರೆತು ಅರ್ಥ ಹೇಳಿದವನಿಗೆ ಮಾತ್ರ ಹಾರ ಹಾಕುವುದನ್ನು ನಮ್ಮ ಕಡೆಯೂ ಬೇಕಾದಷ್ಟು ನೋಡಿದ್ದೇನೆ.

2024ರ ಆಗಸ್ಟ್‌ನಲ್ಲಿ ಚೀನಾದವರ 'ಬ್ಲ್ಯಾಕ್ ಮಿಥ್: ವುಕಾಂಗ್' ಬಂತು. ಹದಿನಾರನೇ ಶತಮಾನದ ಕಾದಂಬರಿಯ ವಾನರ ವೀರನ ಜಗತ್ತು. ಮೂರು ದಿನದಲ್ಲಿ ಒಂದು ಕೋಟಿ ಪ್ರತಿ ಹೋಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಲೆಕ್ಕವಲ್ಲ. ಅದರಲ್ಲಿ ಒಂದು ಕಡೆ ತಲೆಯಿಲ್ಲದ ಒಬ್ಬ ಕಥೆಗಾರ ಕೂತಿದ್ದಾನೆ. ಮೂರು ತಂತಿಯ ವಾದ್ಯ ಮೀಟುತ್ತಾ ಅವರ ಉತ್ತರದ ಹಳ್ಳಿಗಳ ಧಾಟಿಯಲ್ಲಿ ಹಾಡುತ್ತಾನೆ. ಜಗತ್ತೇ ಆಡುವ ಆಟದಲ್ಲಿ ಅವರು ತಮ್ಮ ಭಾಗವತರನ್ನು ಕೂರಿಸಿದ್ದಾರೆ. ಅದನ್ನು ಕೇಳಿ ನನಗೆ ಗಂಟಲು ಕಟ್ಟಿತು.

ನಮ್ಮಲ್ಲಿ? ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರು 2020ರಲ್ಲಿ 'ರಾಜಿ' ಅನ್ನುವ ಆಟ ಮಾಡಿದರು. ಕಾದಂಬರಿಯಿಂದ ಬಂದದ್ದಲ್ಲ, ಆದರೂ ಅದರ ಕಥೆಯ ಭಾಗಗಳು ತೊಗಲುಗೊಂಬೆಯಂಥ ನೆರಳಾಟದಲ್ಲಿ ಬರುತ್ತವೆ. ನಮ್ಮಿಂದ ಮೂರು ಗಂಟೆ ದಾರಿಯ ಊರಿನಲ್ಲಿ ಇದು ಆಗಿದೆ. ಹಾಗಾದರೆ ಕನ್ನಡದ ಕಥೆಗೆ, ಕನ್ನಡದ ಮಾತಿಗೆ ಯಾಕೆ ಆಗಬಾರದು? ವಿಚರ್ 3 ಎಷ್ಟೋ ಭಾಷೆಗಳಲ್ಲಿದೆ. ಕನ್ನಡವಿಲ್ಲ. ಅಪ್ಪನಿಗೆ ಆ ರಾತ್ರಿ ಪ್ರತಿ ಸಾಲನ್ನೂ ಹುಡುಗ ಬಿಡಿಸಿ ಹೇಳಬೇಕಾಯಿತು.

ಲಕ್ಷ್ಮೀಶನ 'ಜೈಮಿನಿ ಭಾರತ'ವನ್ನೇ ತೆಗೆದುಕೊಳ್ಳಿ. ಯಾಗದ ಕುದುರೆ ಊರಿಂದ ಊರಿಗೆ ಹೋಗುತ್ತದೆ. ನಾವು ಅದರ ಹಿಂದೆ. ಒಂದು ಕಡೆ ಸುಧನ್ವ, ಒಂದು ಕಡೆ ಪ್ರಮೀಳೆಯ ಹೆಂಗಸರ ರಾಜ್ಯ, ಇನ್ನೊಂದು ಕಡೆ ಅಪ್ಪನನ್ನೇ ಎದುರಿಸುವ ಬಬ್ರುವಾಹನ. ಆಟದ ನಕ್ಷೆ ಇದಕ್ಕಿಂತ ಚೆನ್ನಾಗಿ ಹೇಗಿರಬೇಕು?

ಭಾನುವಾರ ಬೆಳಿಗ್ಗೆ ದೋಸೆ ತಿನ್ನುತ್ತಾ ಅಪ್ಪ ಹುಡುಗನಿಗೆ ಚಂದ್ರಹಾಸನ ಕಥೆ ಹೇಳಿದರು. ತೋಟದಲ್ಲಿ ಮಲಗಿದ ಹುಡುಗ, ಅವನ ಹತ್ತಿರ ಒಂದು ಓಲೆ. ಇವನಿಗೆ ವಿಷ ಕೊಡು ಅಂತ ಮಂತ್ರಿ ದುಷ್ಟಬುದ್ಧಿ ತನ್ನ ಮಗ ಮದನನಿಗೆ ಬರೆದದ್ದು. ಅದನ್ನು ಓದಿದ ಅವನ ಮಗಳು ವಿಷಯೆ ಅಕ್ಷರ ತಿದ್ದಿ 'ವಿಷಯೆ'ಯನ್ನು ಕೊಡು ಅಂತ ಮಾಡುತ್ತಾಳೆ. ಹುಡುಗ ದೋಸೆ ಬಿಟ್ಟು ಎದ್ದ. ಹಳೇ ಬಿಲ್ ಕಾಗದದ ಹಿಂಬದಿಯಲ್ಲಿ ಓಲೆ ಬರೆದ, ಅಕ್ಷರಗಳನ್ನು ಒಂದೊಂದು ಚೌಕದಲ್ಲಿ ಹಾಕಿದ.

"ನಾನು ವಿಷಯೆ ಆಗಿ ಆಡ್ತೇನೆ ಅಂತಿಟ್ಕೊಳ್ಳಿ ಅಜ್ಜ. ಅಕ್ಷರ ತಿದ್ದದೇ ಹೋದ್ರೆ?"

ಅಪ್ಪ ಚಟ್ನಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ಓಲೆ ಮದನನ ಕೈಗೆ ಹೋಗ್ತದೆ. ಮದನ ಒಳ್ಳೆಯವ. ಅಪ್ಪನ ಮಾತು ಕೇಳುವುದಾ, ಬೇಡವಾ? ಹೇಳು, ನೀನೀಗ ಮದನ. ನಾನು ಚಂದ್ರಹಾಸ."