ತೋಟಕ್ಕಿಂತ ಕಾರ್ಖಾನೆ ಬೇಕು

ಘಾನಾದ ಜಮಾನ್ ನಾರ್ತ್ ಜಿಲ್ಲೆಯಲ್ಲಿ ಗೇರು ತೋಟಕ್ಕೆ ಹಣ ಹಾಕಿ ಅಂತ ಒಂದು ಲೇಖನ ಹೇಳುತ್ತದೆ. ಆದರೆ ತೋಟಗಳು ಅಲ್ಲಿ ಈಗಾಗಲೇ ಜಾಸ್ತಿ ಇವೆ. ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಆ ಸೀಮೆ ಗೇರಿಗೆ ಚೆನ್ನಾಗಿ ಒಗ್ಗುತ್ತದೆ. ಐವರಿ ಕೋಸ್ಟ್ ಗಡಿ ಪಕ್ಕದ ಸಾಂಪಾ ಊರು ಗೇರುಬೀಜದ ದೊಡ್ಡ ಮಾರುಕಟ್ಟೆ. ಘಾನಾದ ಬಹುಪಾಲು ಬೀಜ ಒಡೆಯದೆ ಹಾಗೇ ಭಾರತಕ್ಕೂ ವಿಯೆಟ್ನಾಂಗೂ ಹೋಗುತ್ತದೆ. ಮಂಗಳೂರಿನ ಕಾರ್ಖಾನೆಗಳೂ ಆಫ್ರಿಕಾದ ಬೀಜ ತರಿಸುತ್ತವೆ. ಬೇಯಿಸಿ, ಒಡೆದು, ಸಿಪ್ಪೆ ಸುಲಿಯುವ ಕೆಲಸ ಘಾನಾದಲ್ಲೇ ಆದರೆ ಕೂಲಿಯೂ ಅಲ್ಲೇ ಉಳಿಯುತ್ತದೆ, ಅಲ್ವಾ? 2016ರಲ್ಲಿ ಘಾನಾ ಸರ್ಕಾರ ಕಚ್ಚಾ ಬೀಜದ ರಫ್ತು ತಡೆಯಲು ಹೋಗಿ ಹಿಂದೆ ಸರಿಯಿತು. ಸುಮ್ನೆ ರಫ್ತು ನಿಲ್ಲಿಸಿದರೆ ಬೆಲೆ ಬಿದ್ದು ಪೆಟ್ಟು ತಿನ್ನುವವರು ರೈತರೇ. ಸುಗ್ಗಿ ಕೆಲವೇ ತಿಂಗಳು. ಇಡೀ ವರ್ಷದ ಬೀಜವನ್ನು ಆಗಲೇ ಕೊಂಡಿಡಲು ಸ್ಥಳೀಯ ಕಾರ್ಖಾನೆಗಳಿಗೆ ಕಡಿಮೆ ಬಡ್ಡಿಯ ಸಾಲ ಸಿಗಬೇಕು. ಹಣ ಹಾಕುವವರು ಮೊದಲು ಅದಕ್ಕೆ ಹಾಕಲಿ.