ಗಾಳಿ ಚೊಕ್ಕಟ ಮಾಡಲು ಒಂದು ಸುತ್ತು ಹೋಗಿ ಬನ್ನಿ

ಆ ಹಳದಿ ದೀಪ ನೋಡಿದವರಿಗೆ ಜಾಸ್ತಿ ಹೇಳಬೇಕಾಗಿಲ್ಲ. ಪೈಪಿನ ನಡುವೆ ಒಂದು ಡಬ್ಬಿ, ಡಬ್ಬಿಯೊಳಗೆ ನಾಲ್ಕಾರು ಚುಕ್ಕೆ. ಡೀಸೆಲ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಅದು ಹೊತ್ತಿಕೊಂಡರೆ ಕಾರು ತನ್ನ ಮಾಲೀಕನಿಗೆ ಅಪ್ಪಣೆ ಮಾಡಿದೆ ಎಂದರ್ಥ. ಹೊಗೆಯ ಮಸಿ ಹಿಡಿಯುವ ನನ್ನ ಫಿಲ್ಟರ್ ಕಟ್ಟಿಕೊಂಡಿದೆ. ನನ್ನನ್ನು ಹೆದ್ದಾರಿಗೆ ಕರೆದುಕೊಂಡು ಹೋಗು. ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ಓಡಿಸು. ನಡುವೆ ನಿಲ್ಲಿಸಬೇಡ.

ಎಲ್ಲಿಗೆ ಹೋಗಬೇಕು? ಎಲ್ಲಿಗೂ ಇಲ್ಲ. ಸುಮ್ನೆ ಹೋಗಬೇಕು, ಸುಮ್ನೆ ಬರಬೇಕು, ಡೀಸೆಲ್ ಸುಡಬೇಕು. ಯಾತಕ್ಕೆ? ಗಾಳಿ ಚೊಕ್ಕಟವಾಗಿರಲಿ ಅಂತ.

ಮನುಷ್ಯನ ಬುದ್ಧಿ ಇದಕ್ಕಿಂತ ಮೇಲೆ ಹೋಗಲಾರದು ಎಂದು ನನ್ನ ನಂಬಿಕೆ. ದಿನಾ ಅರ್ಧ ಗಂಟೆ ನಡೀರಿ ಅಂತ ಡಾಕ್ಟರ್ ಬೇಡಿಕೊಂಡರೂ ಸೋಫಾ ಬಿಟ್ಟು ಏಳದವರು, ಕಾರು ಹೇಳಿದ ತಕ್ಷಣ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ. 'ಇಷ್ಟು ಹೊತ್ತಲ್ಲಿ ಎಲ್ಲಿಗೆ?' ಅಂತ ಮನೆಯಲ್ಲಿ ಕೇಳಿದರೆ ಹೇಳಲು ಉತ್ತರವಿಲ್ಲ. 'ಕಾರಿಗೆ ಮಸಿ ಕಟ್ಟಿದೆ, ಒಂದು ಸುತ್ತು ಓಡಿಸ್ಕೊಂಡು ಬರ್ತೀನಿ' ಅಂದರೆ ನಂಬುವ ಮನೆ ಯಾವ ಊರಿನಲ್ಲೂ ಇಲ್ಲ.

ಹಾಗಂತ ಫಿಲ್ಟರನ್ನು ಬೈಯಬೇಡಿ. ಈ ಕಥೆಯಲ್ಲಿ ನಿಯತ್ತಾಗಿ ಕೆಲಸ ಮಾಡುತ್ತಿರುವುದು ಅದೊಂದೇ, ಪಾಪ. ಅದರ ಹೆಸರು ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್, ಚಿಕ್ಕದಾಗಿ ಡಿಪಿಎಫ್. ಅಂದರೆ ಪಿಂಗಾಣಿಯ ಜಾತಿಗೆ ಸೇರಿದ ಒಂದು ಗಟ್ಟಿ. ಕಾರ್ಡಿಯರೈಟ್ ಅಥವಾ ಸಿಲಿಕಾನ್ ಕಾರ್ಬೈಡಿನಿಂದ ಮಾಡಿದ್ದು. ಅದರ ಉದ್ದಕ್ಕೂ ಸಾವಿರಾರು ಸಣ್ಣ ಕೊಳವೆ. ಒಂದು ಕೊಳವೆಗೆ ಮುಂದೆ ಬಾಯಿ ಇದ್ದರೆ ಹಿಂದೆ ಮುಚ್ಚಳ. ಪಕ್ಕದ್ದಕ್ಕೆ ಹಿಂದೆ ಬಾಯಿ, ಮುಂದೆ ಮುಚ್ಚಳ. ಒಳಗೆ ಬಂದ ಹೊಗೆಗೆ ನೇರ ದಾರಿಯಿಲ್ಲ, ಗೋಡೆಯನ್ನೇ ತೂರಿಕೊಂಡು ಪಕ್ಕದ ಕೊಳವೆಗೆ ಹೋಗಬೇಕು. ಅನಿಲ ತೂರುತ್ತದೆ, ಮಸಿ ಗೋಡೆಗೆ ಅಂಟಿಕೊಂಡು ಉಳಿಯುತ್ತದೆ. ಸರಿಯಾಗಿರುವ ಫಿಲ್ಟರ್ ನೂರಕ್ಕೆ 95ಕ್ಕಿಂತ ಹೆಚ್ಚು ಕಣಗಳನ್ನು ಹಿಡಿದು ಹಾಕುತ್ತದೆ. ಅಂಥ ಕಾರಿನ ಸೈಲೆನ್ಸರ್ ಬಾಯೊಳಗೆ ಬೆರಳಾಡಿಸಿದರೂ ಕಪ್ಪು ಹತ್ತುವುದಿಲ್ಲ. ಇಷ್ಟು ನಿಷ್ಠೆಯಿಂದ ಕೆಲಸ ಮಾಡುವ ಇಲಾಖೆ ಎಲ್ಲಾದರೂ ಇದ್ದರೆ ಹೇಳಿ, ಹಾರ ಹಾಕಿ ಬರೋಣ.

ತೊಂದರೆ ಶುರುವಾಗುವುದು ಹಿಡಿದ ಮೇಲೆ. ಹಿಡಿದ ಮಸಿಯನ್ನು ಏನು ಮಾಡುವುದು? ಅಲ್ಲೇ ಸುಟ್ಟುಬಿಡಬೇಕು. ದೂರದ ದಾರಿಯಲ್ಲಿ ಎಂಜಿನ್ ಚೆನ್ನಾಗಿ ಬಿಸಿಯಾಗಿ ಓಡುತ್ತಿದ್ದರೆ, ಹೊಗೆಯಲ್ಲೇ ಇರುವ ನೈಟ್ರೋಜನ್ ಡೈಆಕ್ಸೈಡ್ ಮಸಿಯನ್ನು ಸದ್ದಿಲ್ಲದೆ ಸುಡುತ್ತಾ ಹೋಗುತ್ತದೆ. ಮಾಲೀಕನಿಗೆ ಗೊತ್ತೇ ಆಗುವುದಿಲ್ಲ. ಊರೊಳಗೆ ಓಡಾಡುವ ಕಾರಿಗೆ ಆ ಭಾಗ್ಯವಿಲ್ಲ. ಆಗ ಕಂಪ್ಯೂಟರ್ ತಾನೇ ಕೆಲಸಕ್ಕಿಳಿಯುತ್ತದೆ. ಪಿಸ್ಟನ್ನಿಗೆ ಶಕ್ತಿ ಕೊಡುವ ಹೊತ್ತು ಮುಗಿದ ಮೇಲೆ ಇನ್ನೊಂದಿಷ್ಟು ಡೀಸೆಲ್ ಚಿಮ್ಮಿಸುತ್ತದೆ. ಈ ಡೀಸೆಲ್ ಕಾರನ್ನು ಮುಂದೆ ತಳ್ಳುವುದಕ್ಕಲ್ಲ, ಹಿಂದೆ ಪೈಪು ಬಿಸಿ ಮಾಡುವುದಕ್ಕೆ. ಫಿಲ್ಟರಿನ ಒಳಗೆ 600 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟಿದಾಗ ಮಸಿ ಉರಿದು ಹೋಗುತ್ತದೆ. ಇದಕ್ಕೆ ರೀಜನರೇಷನ್ ಎಂದು ಹೆಸರು. ಕೇಳಿದರೆ ಪುನರ್ಜನ್ಮ ಸಿಕ್ಕಿತೇನೋ ಅನ್ನಿಸಬೇಕು. ಸಿಗುವುದು ಕಡಿಮೆ ಮೈಲೇಜ್.

ಈ ಯಜ್ಞಕ್ಕೆ ಮಡಿ ಬೇರೆ. ಎಂಜಿನ್ ಪೂರ್ತಿ ಬಿಸಿಯಾಗಿರಬೇಕು. ಅನೇಕ ಕಾರುಗಳಲ್ಲಿ ಟ್ಯಾಂಕ್ ತಳ ಕಂಡಿದ್ದರೆ ಶುರುವಾಗುವುದೇ ಇಲ್ಲ. ಯಾವುದೋ ಒಂದು ಸೆನ್ಸರ್ ಕೈಕೊಟ್ಟಿದ್ದರೂ ಇಲ್ಲ. ಎಲ್ಲ ಕೂಡಿ ಬಂದು ಬೆಂಕಿ ಹೊತ್ತಿತು ಅನ್ನುವಾಗ ನೀವು ಮನೆ ಮುಟ್ಟಿ ಕೀಲಿ ತಿರುಗಿಸಿದಿರಿ ಅನ್ನಿ, ಅರ್ಧಕ್ಕೇ ಭಂಗ. ಎಂಜಿನ್ ಆಫ್ ಆದರೂ ಮುಂದಿನ ಫ್ಯಾನ್ ಗುರ್ ಎನ್ನುತ್ತಲೇ ಇರುತ್ತದೆ, ಕೆಳಗಿನಿಂದ ಸುಟ್ಟ ವಾಸನೆ ಬರುತ್ತದೆ. ಹೊಸದಾಗಿ ಕಾರು ಕೊಂಡವರು ಗಾಬರಿಯಾಗಿ ಬಾನೆಟ್ ಎತ್ತಿ ನೋಡುತ್ತಾರೆ. ಅಲ್ಲಿ ಏನೂ ಕಾಣುವುದಿಲ್ಲ, ಇನ್ನೂ ಗಾಬರಿಯಾಗುತ್ತದೆ.

ಹೀಗೆ ಮತ್ತೆ ಮತ್ತೆ ಅರ್ಧಕ್ಕೆ ನಿಂತರೆ, ಕೊನೆಗೆ ಚಿಮ್ಮಿಸಿದ ಆ ಡೀಸೆಲಿನಲ್ಲಿ ಒಂದು ಪಾಲು ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದು ಎಂಜಿನ್ ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮಟ್ಟ ಏರಿರುತ್ತದೆ! ಹಳೇ ಕಾಲದ ಕಾರುಗಳು ಆಯಿಲ್ ಕುಡಿಯುತ್ತಿದ್ದವು. ಇವು ತಾವೇ ಹೆಚ್ಚಿಸಿಕೊಳ್ಳುತ್ತವೆ, ಸಾಕ್ಷಾತ್ ಅಕ್ಷಯ ಪಾತ್ರೆ. ಖುಷಿಪಡುವ ಮುಂಚೆ ಒಂದು ಮಾತು. ಡೀಸೆಲ್ ಬೆರೆತ ಆಯಿಲ್ ತೆಳ್ಳಗಾಗಿರುತ್ತದೆ, ಟರ್ಬೊ, ಬೇರಿಂಗ್ ಎಲ್ಲ ಅದನ್ನೇ ನಂಬಿಕೊಂಡು ತಿರುಗುತ್ತಿರುತ್ತವೆ.

ಇನ್ನು ಬೂದಿ. ಮಸಿ ಸುಟ್ಟರೆ ಹೋಗುತ್ತದೆ, ಬೂದಿ ಹೋಗುವುದಿಲ್ಲ. ಎಂಜಿನ್ ಆಯಿಲಿನಲ್ಲಿ ಬೆರೆಸಿರುವ ಕ್ಯಾಲ್ಸಿಯಂ, ಸತು ಮುಂತಾದವು ಸುಟ್ಟು ಉಳಿದದ್ದು ಫಿಲ್ಟರಿನಲ್ಲೇ ಕೂರುತ್ತದೆ. ಅದಕ್ಕೇ ಡಿಪಿಎಫ್ ಕಾರಿಗೆ ಬೂದಿ ಕಡಿಮೆ ಬರುವ ಆಯಿಲನ್ನೇ ಹಾಕಬೇಕು. ಹಾಕಿದರೂ ಎಂದೋ ಒಂದು ದಿನ ಫಿಲ್ಟರ್ ಬಿಚ್ಚಿ ತೊಳೆಸಬೇಕು, ಇಲ್ಲವೇ ಬದಲಾಯಿಸಬೇಕು. ಬದಲಾಯಿಸುವ ಬಿಲ್ ಬಗ್ಗೆ ಇಲ್ಲಿ ಬೇಡ, ಓದುವವರಲ್ಲಿ ಹೃದಯ ಸರಿಯಿಲ್ಲದವರೂ ಇರಬಹುದು.

ಇದೆಲ್ಲ ಗುಟ್ಟಲ್ಲ. ಕಾರಿನ ಜೊತೆ ಕೊಡುವ ದಪ್ಪ ಪುಸ್ತಕದಲ್ಲಿ ಅಚ್ಚಾಗಿಯೇ ಇರುತ್ತದೆ. ಆ ಪುಸ್ತಕದ ಬಗ್ಗೆ ನನಗೆ ಅಪಾರ ಗೌರವ. ಬ್ಲೂಟೂತಿಗೆ ಫೋನ್ ಜೋಡಿಸುವುದು ಹೇಗೆಂದು ಪುಟಗಟ್ಟಲೆ ಚಿತ್ರ ಸಮೇತ ಹೇಳುತ್ತಾರೆ. ಫಿಲ್ಟರಿಗೆ ಮಾತ್ರ ಮಧ್ಯದಲ್ಲೆಲ್ಲೋ ಒಂದು ಪ್ಯಾರಾ. 'ಒಣಹುಲ್ಲು, ತರಗೆಲೆ ಇರುವಲ್ಲಿ ವಾಹನ ನಿಲ್ಲಿಸಬೇಡಿ' ಎಂಬ ಎಚ್ಚರಿಕೆಯೂ ಇರುತ್ತದೆ. ಪೈಪು ಅಷ್ಟು ಕಾದಿರುತ್ತದಲ್ಲ, ಹುಲ್ಲಿಗೆ ಬೆಂಕಿ ಹತ್ತಬಹುದು. ಪರಿಸರ ಉಳಿಸುವ ಸಾಧನ ಕೆಳಗಿನ ಹುಲ್ಲು ಸುಡಬಹುದು, ನೋಡಿಕೊಂಡು ನಿಲ್ಲಿಸಿ ಎಂದು ಕಂಪನಿಯವರೇ ಬರೆದು ಕೊಡುತ್ತಾರೆ. ಇನ್ನು ನಮ್ಮಂಥವರು ವಿಡಂಬನೆ ಬರೆದು ಬದುಕುವುದು ಹೇಗೆ?

ಕಾರು ಮಾರುವಾಗ ಈ ಪ್ಯಾರಾ ಯಾರ ಬಾಯಲ್ಲೂ ಬರುವುದಿಲ್ಲ. ಮೈಲೇಜ್ ಬರುತ್ತದೆ, ಟಾರ್ಕ್ ಬರುತ್ತದೆ, ಸನ್‌ರೂಫ್ ಬರುತ್ತದೆ. ಮಗುವನ್ನು ಶಾಲೆಗೆ ಬಿಟ್ಟು ಬರುವುದಕ್ಕೆ ಬಿಟ್ಟರೆ ಗ್ಯಾರೇಜಿನಿಂದ ಹೊರಗೆ ತೆಗೆಯದವರಿಗೂ ಎರಡು ಟನ್ ತೂಕದ ಡೀಸೆಲ್ ಎಸ್‌ಯುವಿ ನಗುನಗುತ್ತಾ ಕೊಟ್ಟು ಕಳಿಸುತ್ತಾರೆ. ಶಾಲೆ ಮುಟ್ಟುವ ಹೊತ್ತಿಗೆ ಆ ಎಂಜಿನ್ ಬೆಚ್ಚಗೂ ಆಗಿರುವುದಿಲ್ಲ. ಕೆಲವು ತಿಂಗಳಲ್ಲಿ ಹಳದಿ ದೀಪ. ಲೆಕ್ಕಿಸದಿದ್ದರೆ ಇನ್ನೊಂದು ದೀಪ. ಆಮೇಲೆ ಕಾರು ತನ್ನ ಶಕ್ತಿಯನ್ನು ತಾನೇ ಕಡಿಮೆ ಮಾಡಿಕೊಳ್ಳುವ ಲಿಂಪ್ ಮೋಡಿಗೆ ಹೋಗಿ ತೆವಳುತ್ತದೆ. ಆಗ ಸರ್ವಿಸ್ ಸೆಂಟರಿನವರು ಗಂಭೀರವಾಗಿ ಹೇಳುವ ಮಾತು: "ನಿಮ್ಮ ಓಡಿಸೋ ರೀತಿ ಸರಿಯಿಲ್ಲ ಸಾರ್." ಮಾರಿದ್ದು ಅವರು, ಬಾಯಿ ಬಿಟ್ಟು ಹೇಳದಿದ್ದದ್ದು ಅವರು, ತಪ್ಪು ಮಾತ್ರ ಶಾಲೆ ಹತ್ತಿರ ಇಟ್ಟುಕೊಂಡವರದ್ದು.

ಕಾನೂನಿನ ಕಡೆ ಬರೋಣ, ಅಲ್ಲಿ ಮಜಾ ಜಾಸ್ತಿ. ಪ್ಯೂಜೋ ಕಂಪನಿ 2000ದಲ್ಲೇ ತನ್ನ 607 ಕಾರಿಗೆ ಈ ಫಿಲ್ಟರ್ ಹಾಕಿ ಮಾರಿತ್ತು. ವಾಹನದ ಹೊಗೆಗೆ ಮಿತಿ ಹಾಕಲು ಯೂರೋಪಿನಲ್ಲಿ 2009ರಿಂದ ಜಾರಿಯಾದ ಯೂರೋ 5 ನಿಯಮ, ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಂದ ಅಂಥದ್ದೇ ಬಿಎಸ್ 6, ಇವುಗಳಿಂದಾಗಿ ಫಿಲ್ಟರ್ ಇಲ್ಲದೆ ಹೊಸ ಡೀಸೆಲ್ ಕಾರು ಮಾರುವುದು ಆಗದ ಮಾತಾಯಿತು. ಕಣಗಳ ತೂಕಕ್ಕಷ್ಟೇ ಅಲ್ಲ, ಎಣಿಕೆಗೂ ಮಿತಿ ಬಂತು. ಕಿಲೋಮೀಟರಿಗೆ 6ರ ಮುಂದೆ 11 ಸೊನ್ನೆ. ನಮ್ಮ ಲೆಕ್ಕದಲ್ಲಿ 60,000 ಕೋಟಿ ಕಣ. ಇದು ಪರವಾಗಿಲ್ಲ ಎನ್ನುವ ಮಿತಿ, ನೆನಪಿರಲಿ. 60,000 ಕೋಟಿ ಅಂದರೆ ಹಗರಣದ ಮೊತ್ತ ಅಂತಲೇ ಕಿವಿಗೆ ಅಭ್ಯಾಸವಾಗಿದೆ. ಅಷ್ಟನ್ನು ಒಂದು ಕಿಲೋಮೀಟರಿನಲ್ಲಿ ಕಾನೂನುಬದ್ಧವಾಗಿ ಬಿಟ್ಟು ಸಾಗುವ ಅವಕಾಶ ಸಾಮಾನ್ಯ ಮನುಷ್ಯನಿಗೂ ಸಿಕ್ಕಿತಲ್ಲ, ಅದೇ ಸಂತೋಷ. ಫಿಲ್ಟರ್ ಇಲ್ಲದ ಡೀಸೆಲ್ ಕಾರು ಇದರ ಹತ್ತಾರು ಪಟ್ಟು, ಕೆಲವೊಮ್ಮೆ ನೂರು ಪಟ್ಟು ಬಿಡುತ್ತದೆ.

ಮಸಿ ಸುಡುವ ಹೊತ್ತಿನಲ್ಲಿ ಹೊರಬೀಳುವ ಕಣಗಳ ಸಂಖ್ಯೆ ಏರುತ್ತದೆ. ಅದಕ್ಕೂ ಒಂದು ಏರ್ಪಾಡಿದೆ. ಯೂರೋಪಿನಲ್ಲಿ ಕಾರನ್ನು ನಿಜವಾದ ರಸ್ತೆಗಿಳಿಸಿ ಹೊಗೆ ಅಳೆಯುವ ಪರೀಕ್ಷೆ 2017ರಲ್ಲಿ ಬಂತು. ಪರೀಕ್ಷೆಯ ನಡುವೆ ರೀಜನರೇಷನ್ ಶುರುವಾದರೆ ಕಂಪನಿಯ ಕೋರಿಕೆಯ ಮೇಲೆ ಒಂದು ಸಲ ಅದನ್ನು ರದ್ದು ಮಾಡಿ ಮತ್ತೆ ನಡೆಸಬಹುದು ಎಂದು ನಿಯಮ ಬರೆದರು. ಎಷ್ಟು ಕರುಣೆ! ಆ ಕಾರಿನ ಹಿಂದೆ ಸೈಕಲ್ ತುಳಿಯುತ್ತಿರುವ ಹುಡುಗನೂ ಹೀಗೇ ಕೋರಿಕೊಳ್ಳಬಹುದಾ? ಸ್ವಾಮಿ, ಈಗ ಎಳೆದುಕೊಂಡ ಉಸಿರು ರದ್ದು ಮಾಡಿ, ಇನ್ನೊಮ್ಮೆ ಎಳೆದುಕೊಳ್ಳುತ್ತೇನೆ ಅಂತ?

ಪರೀಕ್ಷೆ ಅಂದ ಕೂಡಲೇ ಫೋಕ್ಸ್‌ವ್ಯಾಗನ್ ನೆನಪಾಗುತ್ತದೆ. ಹೊಗೆ ಪರೀಕ್ಷೆಗೆ ಮೋಸ ಮಾಡುವ ಸಾಫ್ಟ್‌ವೇರನ್ನು ಡೀಸೆಲ್ ಕಾರುಗಳಲ್ಲಿ ಇಟ್ಟು ಆ ಜರ್ಮನ್ ಕಂಪನಿ 2015ರ ಸೆಪ್ಟೆಂಬರಿನಲ್ಲಿ ಸಿಕ್ಕಿಬಿದ್ದ ಕಥೆ ನಿಮಗೆ ಗೊತ್ತೇ ಇದೆ. ಅಲ್ಲಿ ವಿಷಯ ಮಸಿಯದ್ದಲ್ಲ, ನೈಟ್ರೋಜನ್ ಆಕ್ಸೈಡಿನದ್ದು. ಆದರೂ ಆ ಸಾಫ್ಟ್‌ವೇರಿನ ಜಾಣತನಕ್ಕೆ ಕೈ ಮುಗಿಯಬೇಕು. ಸ್ಟೀರಿಂಗ್ ಹೇಗಿದೆ, ವೇಗ ಎಷ್ಟು, ಎಂಜಿನ್ ಎಷ್ಟು ಹೊತ್ತಿನಿಂದ ಓಡುತ್ತಿದೆ, ಗಾಳಿಯ ಒತ್ತಡ ಎಷ್ಟು, ಎಲ್ಲ ನೋಡಿ ಇದು ಪರೀಕ್ಷೆಯೋ ರಸ್ತೆಯೋ ಎಂದು ತಿಳಿದುಕೊಳ್ಳುತ್ತಿತ್ತು. ಪರೀಕ್ಷೆಯಾದರೆ ಸಾಧು. ರಸ್ತೆಗೆ ಬಂದರೆ ಮಿತಿಯ 40 ಪಟ್ಟಿನವರೆಗೂ ಬಿಡುತ್ತಿತ್ತು ಎಂದು ಅಮೆರಿಕದ ಪರಿಸರ ಸಂಸ್ಥೆ ಹೇಳಿತು. ಜಗತ್ತಿನಾದ್ಯಂತ ಇಂಥ ಸುಮಾರು 1.1 ಕೋಟಿ ವಾಹನ. ಅಷ್ಟೂ ಕಾರುಗಳಿಗೆ ತಾವು ಯಾವಾಗ ಒಳ್ಳೆಯವರಾಗಿರಬೇಕು ಅಂತ ಗೊತ್ತಿತ್ತು.

ದೊಡ್ಡವರು ಸಾಫ್ಟ್‌ವೇರ್ ಬರೆಸಿದರೆ ಸಣ್ಣವರು ಗರಗಸ ಹಿಡಿಯುತ್ತಾರೆ. ಫಿಲ್ಟರ್ ಕಾಟ ತಡೆಯಲಾರದವರಿಗೆ ಗ್ಯಾರೇಜುಗಳಲ್ಲಿ ಪರಿಹಾರ ಸಿದ್ಧ. ಡಬ್ಬಿ ಕೊಯ್ದು ಒಳಗಿನ ಪಿಂಗಾಣಿ ಕುಟ್ಟಿ ತೆಗೆದು ಮತ್ತೆ ವೆಲ್ಡ್ ಮಾಡುವುದು. ಮಸಿ ಎಷ್ಟು ಕಟ್ಟಿದೆ ಎಂದು ಎಂಜಿನ್ ತಿಳಿದುಕೊಳ್ಳುವುದು ಫಿಲ್ಟರಿನ ಹಿಂದೆ ಮುಂದೆ ಇರುವ ಒತ್ತಡದ ವ್ಯತ್ಯಾಸದಿಂದ. ಆದ್ದರಿಂದ ಕಂಪ್ಯೂಟರಿನ ತಲೆಯಲ್ಲಿ ಫಿಲ್ಟರ್ ಎಂಬುದೇ ಇರದ ಹಾಗೆ ಅದನ್ನೂ ತಿದ್ದುತ್ತಾರೆ. ದೀಪವಿಲ್ಲ, ಅಪ್ಪಣೆಯಿಲ್ಲ, ಎಂಜಿನ್ ಹಗುರ.

ತಪಾಸಣೆ ಇಲ್ಲವೇ ಅಂದಿರಾ? ಇದೆ. ಬ್ರಿಟನ್ನಿನಲ್ಲಿ 2014ರ ಫೆಬ್ರವರಿಯಿಂದ ವಾರ್ಷಿಕ ತಪಾಸಣೆಯಲ್ಲಿ ಫಿಲ್ಟರ್ ಇದೆಯಾ ಎಂದು ಕಣ್ಣಿಂದ ನೋಡುವುದು ಕಡ್ಡಾಯವಾಯಿತು. ಇನ್ಸ್‌ಪೆಕ್ಟರ್ ಬಗ್ಗಿ ನೋಡುತ್ತಾನೆ. ಡಬ್ಬಿ ಇದೆ. ಪಾಸ್. ಡಬ್ಬಿಯೊಳಗೆ ಏನಿದೆ ಎಂದು ಕೇಳುವುದು ಅಧಿಕಪ್ರಸಂಗ. ಹೊಗೆ ಎಷ್ಟು ಕಪ್ಪಗಿದೆ ಎಂದು ಅಳೆಯುವ ಹಳೇ ಯಂತ್ರ ಇದೆಯಲ್ಲ, ಅದು ಫಿಲ್ಟರ್ ತೆಗೆದ ಕಾರನ್ನೂ ಆರಾಮಾಗಿ ಪಾಸ್ ಮಾಡುತ್ತದೆ. ಈ ಕಾಲದ ಎಂಜಿನ್ನಿನ ಕಣಗಳು ಕಣ್ಣಿಗೆ ಕಾಣುವುದಿಲ್ಲ, ಆ ಯಂತ್ರಕ್ಕೂ ಕಾಣುವುದಿಲ್ಲ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವವನ ಎದುರು ಇವರು ಚಾಪೆಯ ಉದ್ದ ಅಗಲ ಅಳೆಯುತ್ತಾ ಕೂತರು.

ಕಣ ಎಣಿಸುವ ಯಂತ್ರವನ್ನು ತಪಾಸಣೆಗೆ ತಂದದ್ದು ಬೆಲ್ಜಿಯಂ 2022ರ ಜುಲೈಯಲ್ಲಿ, ನೆದರ್‌ಲ್ಯಾಂಡ್ಸ್ ಮತ್ತು ಜರ್ಮನಿ 2023ರಲ್ಲಿ. ಫಿಲ್ಟರ್ ಕಡ್ಡಾಯದಂತಾಗಿ ಹತ್ತು ವರ್ಷ ಕಳೆದ ಮೇಲೆ, ಅದು ಕೆಲಸ ಮಾಡುತ್ತಿದೆಯಾ ಅಂತ ನೋಡೋಣ ಎಂದು ಯಾರಿಗೋ ಹೊಳೆಯಿತು.

ಇಲ್ಲಿಗೆ ಬಂದಾಗ ನಗು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯಿಂದ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆ ಎಂದು 2012ರಲ್ಲೇ ಹೇಳಿದೆ. ಬರಬಹುದು ಅಂತಲ್ಲ, ಬರುತ್ತದೆ ಅಂತ. ಈ ಹೊಗೆಯನ್ನು ಹಿಡಿಯುವ ಒಂದು ವಸ್ತು ಇದೆ, ಅದು ಚೆನ್ನಾಗಿಯೇ ಹಿಡಿಯುತ್ತದೆ. ಅದನ್ನು ಹಾಕಲು ನಿಯಮ ಮಾಡಿದವರು ನೋಡಿಕೊಳ್ಳುವುದನ್ನು ಮರೆತರು. ಕಂಪನಿಯವರು ಅದಕ್ಕೆ ಒಗ್ಗದ ಬದುಕಿನವರಿಗೆ ಕಾರು ಮಾರಿದರು. ಕೊಂಡವರಲ್ಲಿ ಕೆಲವರು ಅದನ್ನು ಕುಟ್ಟಿ ಪುಡಿ ಮಾಡಿಸಿ, ಈಗ ಪಿಕಪ್ ಸೂಪರ್ ಅಂತ ಮೀಸೆ ತಿರುವಿದರು. ರಸ್ತೆ ಪಕ್ಕ ಮನೆ ಮಾಡಿಕೊಂಡವರನ್ನು ಇವರಲ್ಲಿ ಒಬ್ಬರೂ ಕೇಳಲಿಲ್ಲ. ಬೇಜಾರು ಬಂದುಹೋಗಿದೆ.

ಹಾಗೆ ನೋಡಿದರೆ ದಿನಾ ಹೆದ್ದಾರಿಯಲ್ಲಿ ನೂರಾರು ಕಿಲೋಮೀಟರ್ ಓಡುವವರಿಗೆ ಡೀಸೆಲ್ ಕಾರು, ಡಿಪಿಎಫ್ ಎರಡೂ ತೊಂದರೆ ಕೊಡುವುದು ಕಡಿಮೆ. ಅಂಥವರಲ್ಲಿ ಎಷ್ಟೋ ಜನಕ್ಕೆ ಆ ದೀಪ ಹೇಗಿರುತ್ತದೆ ಅಂತಲೂ ಗೊತ್ತಿಲ್ಲ. ಇಡೀ ರಗಳೆ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ದಿನಕ್ಕೆ ಎಷ್ಟು ದೂರ ಓಡಿಸ್ತೀರಿ? ಕಾರು ಬುಕ್ ಮಾಡುವಾಗ ಬಣ್ಣ ಯಾವುದು ಅಂತ ಕೇಳುತ್ತಾರೆ. ಸೀಟ್ ಕವರ್ ಯಾವುದು, ಸಾಲ ಎಷ್ಟು ವರ್ಷಕ್ಕೆ, ಕೀ ಕೊಡುವಾಗ ಫೋಟೋಕ್ಕೆ ಯಾರ್ಯಾರು ನಿಲ್ಲುತ್ತೀರಿ ಅಂತಲೂ ಕೇಳುತ್ತಾರೆ. ಈ ಪ್ರಶ್ನೆಯೊಂದನ್ನು ಮಾತ್ರ ಕೇಳುವುದಿಲ್ಲ. ಕೇಳಿಬಿಟ್ಟರೆ ಅರ್ಧ ಜನಕ್ಕೆ ಡೀಸೆಲ್ ಕಾರು ಮಾರುವ ಹಾಗೇ ಇಲ್ಲವಲ್ಲ.