ಗೋಣಿಚೀಲಕ್ಕೆಲ್ಲಿ ಡೇಟಾ?

ಸರ್ಜಾಪುರ ರಸ್ತೆಯಾಚೆ ಸಾಲ ಮಾಡಿ ಕೊಂಡ ನನ್ನ ಫ್ಲ್ಯಾಟಿಗೆ ಇನ್ನೂ ಗೋಡೆ ಬಂದಿಲ್ಲ, ಆಪ್ ಬಂದಿದೆ. ಮೋಲ್ಡ್ ಹಾಕುವ ದಿನ ಕಂಬಿಗೆ ಬೆಂಕಿಪೊಟ್ಟಣದಷ್ಟು ಸೆನ್ಸರ್ ಕಟ್ಟಿದರು. ಮೇಸ್ತ್ರಿ ಬಿಡ್ತಾನೆಯೇ? ಅದಕ್ಕೂ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದ. ಅವತ್ತಿನಿಂದ ಕಾಂಕ್ರೀಟಿನ ಜ್ವರ ಗಂಟೆಗೊಮ್ಮೆ ಮೊಬೈಲಿಗೆ ಬರುತ್ತಿದೆ. ಹೆತ್ತಪ್ಪನ ಬಿಪಿ ಎಷ್ಟೆಂದು ಗೊತ್ತಿಲ್ಲದ ನಾನು, ಏಳನೇ ಮಹಡಿಯ ಸ್ಲ್ಯಾಬು 43 ಡಿಗ್ರಿ ಅಂತ ಆಫೀಸಿನಲ್ಲಿ ಕಂಡಕಂಡವರಿಗೆಲ್ಲ ತೋರಿಸಿದೆ.

ಎಷ್ಟು ಬಿಸಿಯಲ್ಲಿ ಎಷ್ಟು ಹೊತ್ತು ಇತ್ತು ಅನ್ನುವುದರ ಮೇಲೆ ಕಾಂಕ್ರೀಟು ಎಷ್ಟು ಗಟ್ಟಿಯಾಯಿತು ಅಂತ ಲೆಕ್ಕ ಹಾಕುವ ಉಪಾಯ ಇದು. ಹಳೇ ಪದ್ಧತಿಯಲ್ಲಿ 150 ಮಿಲಿಮೀಟರಿನ ಕ್ಯೂಬು ಎರಕ ಹೊಯ್ದು, 7ನೇ ದಿನ, 28ನೇ ದಿನ ಒಡೆದು ನೋಡುತ್ತಾರೆ. ಅದೇನು ಸಾಚಾ ಅಲ್ಲ. ಕ್ಯೂಬು ಹೊಸ ಅಳಿಯನ ಹಾಗೆ ತೊಟ್ಟಿ ನೀರಲ್ಲಿ ತಣ್ಣಗೆ ಮಲಗಿರುತ್ತದೆ, ಅದರ ಮಾರ್ಕ್ಸ್ ಕಾರ್ಡಿನಲ್ಲಿ ಪಾಸಾದ ಸ್ಲ್ಯಾಬು ಬಿಸಿಲಲ್ಲಿ ಬಾಯಿ ಬಿಡುತ್ತಿರುತ್ತದೆ. ಸೆನ್ಸರ್ ಸ್ಲ್ಯಾಬಿನ ಹೊಟ್ಟೆಯೊಳಗಿಂದಲೇ ಸುದ್ದಿ ಕಳಿಸುತ್ತದೆ, ಒಪ್ಪೋಣ.

ಆದರೆ ಅದಕ್ಕೆ ಬಿಸಿ ಗೊತ್ತು, ಬಾಯಾರಿಕೆ ಗೊತ್ತಿಲ್ಲ. ಸಾದಾ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿ ಬೆರೆತದ್ದಾದರೆ 10 ದಿನ ಒದ್ದೆಯಾಗಿಡಿ ಅನ್ನುತ್ತದೆ ಕಾಂಕ್ರೀಟು ಕೆಲಸದ ರಾಷ್ಟ್ರೀಯ ಮಾನದಂಡ ಐಎಸ್ 456. ನೀರಿಲ್ಲದಿದ್ದರೆ ಸಿಮೆಂಟು ಗಟ್ಟಿಯಾಗುವುದೇ ನಿಂತುಹೋಗುತ್ತದೆ. ಆಪ್ ಮಾತ್ರ ಏಪ್ರಿಲ್ ಬಿಸಿಲಿಗೆ ಕಾದ ಒಣ ಸ್ಲ್ಯಾಬು ಕಂಡು ಹಿಗ್ಗಿ, ಭೇಷ್, ಬೇಗ ಬಲ ಬರುತ್ತಿದೆ ಅಂತ ಹಸಿರು ದೀಪ ಹಚ್ಚುತ್ತದೆ!

ಭಾನುವಾರ ಹೋಗಿ ನೋಡಿದರೆ ಕ್ಯೂರಿಂಗಿಗೆ, ಅಂದರೆ ಸ್ಲ್ಯಾಬಿನ ಮೇಲೆ ಹಾಸಿ ಒದ್ದೆಯಾಗಿಡಲು ತಂದ ಗೋಣಿಚೀಲ ವಾಚ್‌ಮನ್ ಶೆಡ್ಡಿಗೆ ಬಾಗಿಲಾಗಿತ್ತು. ನೀರು ಯಾಕಿಲ್ಲ ಅಂದೆ. "ಟ್ಯಾಂಕರ್ ರೇಟು ಗೊತ್ತಾ ಸಾರ್?" ಅಂದರು ಸೈಟ್ ಇಂಜಿನಿಯರು. "ಆಪ್‌ನಲ್ಲಿ ಗ್ರೀನ್ ಇದೆಯಲ್ಲ. ಗೋಣಿಚೀಲಕ್ಕೆಲ್ಲಿ ಡೇಟಾ?" 2024ರ ಮಾರ್ಚಿನಲ್ಲಿ ಜಲಮಂಡಳಿ, ಕಟ್ಟಡಕ್ಕೆ ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡ ಅಂದಿತ್ತು. ಸಂಸ್ಕರಿಸಿದ ನೀರು ತರಿಸುವ ಗೋಜು ಯಾರಿಗೆ ಬೇಕು? ಅಲ್ಲಿಂದಾಚೆ ನೀರು ಹಾಕದಿರುವುದು ಸೋಮಾರಿತನವಲ್ಲ, ಪರಿಸರಪ್ರೇಮ.

ಇಂಜಿನಿಯರು ಅತ್ತ ಹೋದದ್ದೇ ಮೇಸ್ತ್ರಿ ಒಂದು ಚೊಂಬು ನೀರು ಸುರಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಇಂಗಿತು. "ಕುಡೀತು ನೋಡಿ ಸಾರ್. ಮೂರು ದಿನದಿಂದ ಉಪವಾಸ." ಎಲ್ಲಿಂದಲೋ ಪೈಪು ಎಳೆದು ತಂದು, ಸುತ್ತ ಗಾರೆಯಲ್ಲಿ ಸಣ್ಣ ಕಟ್ಟೆ ಕಟ್ಟಿ, ಕತ್ತಲಾಗುವ ತನಕ ನೀರು ನಿಲ್ಲಿಸಿದ.

ರಾತ್ರಿ ಹನ್ನೊಂದಕ್ಕೆ ಮೊಬೈಲು ಕಿರುಚಿಕೊಂಡಿತು. ಕೆಂಪಕ್ಷರ: 'ಎಚ್ಚರಿಕೆ! ಸ್ಲ್ಯಾಬಿನ ತಾಪಮಾನ ಕುಸಿದಿದೆ. ಬಲ ಬರುವುದು ತಡವಾಗಲಿದೆ.' ಬೆಳಗ್ಗೆ ಏಳಕ್ಕೆಲ್ಲ ಇಂಜಿನಿಯರು ಸೈಟಿನಲ್ಲಿದ್ದರಂತೆ, ಕೂಗಾಡುತ್ತಾ: "ಯಾವನೋ ಅವನು, ನೀರು ಹಾಕಿದ್ದು?"